ರಾಗಿಕಾಳಿನಷ್ಟು ಸಡಿಲ

ಪುಷ್ಯಮಾಸ. ಐದೂ ಕಾಲು.
ಹಗಲು ಕುಡಿದ ಬಿಸಿಲನ್ನೆಲ್ಲ ರಾತ್ರಿಯೇ ಕಕ್ಕಿ
ದುರ್ಗದ ಬಂಡೆಗಳು ಈಗ ಬರೀ ಚಳಿ ಊದುತ್ತಿವೆ.
ಚಳ್ಳಕೆರೆ ಗೇಟಿನ ಬಳಿ ತಗಡಿನ ಶೆಡ್ಡು,
ತಗಡಿನ ಮೇಲೆ ಇಬ್ಬನಿ, ಕೆಳಗೆ ನಾನು,
ಕೈಯೆರಡೂ ಕಂಕುಳಲ್ಲಿ.

ಹೂವಿನ ಓಬಳೇಶ ಕಾರನ್ನು ತಳ್ಳಿಸಿಕೊಂಡೇ ಬಂದಿದ್ದ.
ಎಪ್ಪತ್ತೆರಡರ ಅಂಬಾಸಿಡರ್, ಒಂದು ಕಾಲಕ್ಕೆ ಕೆನೆಬಣ್ಣ.
ಹಿಂದಿನ ಸೀಟು ಕಿತ್ತು ತುಂಬಿದ ಚೀಲಗಳಲ್ಲಿ
ಉಸಿರು ಬಿಗಿಹಿಡಿದ ಸೇವಂತಿಗೆ.
ದಾವಣಗೆರೆ ಮಾರ್ಕೆಟ್ಟಲ್ಲಿ ಏಳಕ್ಕೆ ಕೂಗು ಮುಗಿಯುತ್ತದೆ,
ಆಮೇಲೆ ಹೂವಿಗೆ ಹುಲ್ಲಿನ ಬೆಲೆ.

"ರಾತ್ರಿಯೆಲ್ಲಾ ಕಂಬಳಿ ಹೊದ್ಸಿದ್ದೆ ಸಾಬ್ರೆ,
ಆದ್ರೂ ಬರೇ ಕೆಮ್ತೈತೆ."

ಬುಡೇನ್ ಸಾಬರು ಮಾತಾಡಲಿಲ್ಲ.
ಕಿವಿಗೆ ಮಫ್ಲರ್. ಬಾನೆಟ್ಟು ಎತ್ತಿ ಮೂಗು ಇಳಿಸಿದರು
ಹಾಲು ಕೆಟ್ಟಿದೆಯೇ ಅಂತ ನೋಡುವ ಹಾಗೆ.
"ಒಳಗೆ ಕೂತು ಚೋಕ್ ಎಳಿ."
ಎಳೆದೆ. ಗುಂಡಿ ಬಂತು, ತಂತಿ ಬರಲಿಲ್ಲ.

"ಜೆಟ್ಟು ಇಳೀತಿಲ್ಲ. ಇಂಥಾ ಚಳೀಲಿ ಪೆಟ್ರೋಲು
ಗೋಡೆಗೆ ಅಂಟ್ಕೊಂಡು ಕೂರ್ತದೆ, ಹಬ್ಬಕ್ಕೆ ಬಂದ ಅಳಿಯನಂಗೆ,
ಕೆಲಸಕ್ಕೆ ಏಳಲ್ಲ. ಹತ್ತು ಹನಿ ಬಿಟ್ರೆ
ಒಂದಾದ್ರೂ ಬೆಂಕಿ ನೋಡೀತು."

ಕ್ಲಾಂಪು ಬಿಚ್ಚಿ, ತಂತಿಗೆ ಸೀಮೆಎಣ್ಣೆ ಕುಡಿಸಿ,
ಮತ್ತೆ ಬಿಗಿ ಮಾಡುವಾಗ ಪೂರ್ತಿ ಎಳೆದುಬಿಟ್ಟೆ.
ಮಣಿಕಟ್ಟಿಗೆ ಸ್ಪ್ಯಾನರಿನ ಏಟು.
"ರಾಗಿಕಾಳಿನಷ್ಟು ಸಡಿಲ ಬಿಡಲೇ!
ಇಲ್ಲಾಂದ್ರೆ ಜೆಟ್ಟು ವಾಪಸ್ ಮನೆ ಸೇರಲ್ಲ,
ಬಿಸಿಯಾದ ಮೇಲೂ ಕುಡೀತಾನೇ ಇರ್ತದೆ.
ಇವನು ಬಂಕಿನ ಮುಂದೇ ಹೂವು ಮಾರಬೇಕಾಗ್ತದೆ."

ಆಮೇಲೆ ಹಿತ್ತಾಳೆ ಮುಚ್ಚಳ ತಿರುಗಿಸಿ
ಡ್ಯಾಂಪರ್ ಕಡ್ಡಿ ಹೊರಗಿಟ್ಟು
ಬೆರಳಲ್ಲಿ ಪಿಸ್ಟನ್ ಎತ್ತಿ, ಬಿಟ್ಟರು.
ಟಕ್.
"ಕೇಳ್ತೇನೋ?"

ಮೂರು ವರ್ಷ. ಪ್ರತಿ ಕಾರಿಗೂ ಇದೇ ಮಾತು.
ನಾನು ಅದನ್ನು ಪರೀಕ್ಷೆ ಅಂದುಕೊಂಡಿದ್ದೆ.
ತುಂಟತನಕ್ಕೆ ಒಮ್ಮೆ "ಇಲ್ಲ" ಅಂದಿದ್ದಕ್ಕೆ
ಅಷ್ಟನ್ನೂ ಬಿಚ್ಚಿ, ಒರೆಸಿ, ಜೆಟ್ಟನ್ನು ಮತ್ತೆ ನಡುವಿಗೆ ತಂದು
ಅರ್ಧ ದಿನ ಕಳೆದಿದ್ದರು, ಬೈಯದೆ.
ಮತ್ತೊಮ್ಮೆ, ಚಹಾ ಆರುತ್ತಿದೆಯೆಂದು,
ಕೇಳದೆಯೇ "ಕೇಳ್ತು" ಅಂದಿದ್ದೆ.
ಆ ವಕೀಲರ ಕಾರು ಐಮಂಗಲದ ಬಯಲಲ್ಲಿ ನಿಂತು
ಬೈಗುಳವೆಲ್ಲ ಶೆಡ್ಡಿಗೆ ಬಂದಾಗ
"ನನ್ನದೇ ತಪ್ಪು" ಎಂದು ಕೈಮುಗಿದವರು ಅವರು.

ಇವತ್ತು, ಬೆನ್ನ ಹಿಂದೆಯೇ ಒಂದು ಲಾರಿ
ಊರನ್ನೇ ಎಬ್ಬಿಸುವ ಹಾಗೆ ಹಾರನ್ ಹೊಡೆಯಿತು.
ಓಬಳೇಶ ಹಾರಿದ. ನಾನು ಹಾರಿದೆ.
ಸಾಬರ ರೆಪ್ಪೆ ಕೂಡ ಅಲುಗಲಿಲ್ಲ.
ಆಗ ಕಂಡಿತು:
ಸ್ಕ್ರೂಡ್ರೈವರಿನ ತುದಿ ಕಾರ್ಬುರೇಟರಿನ ಮೈಗೆ,
ಹಿಡಿ ಅವರ ಹಲ್ಲುಗಳ ನಡುವೆ.
ದವಡೆಯ ಮೂಳೆಯಲ್ಲಿ ಅಳಿದುಳಿದ ಸದ್ದನ್ನು
ಹೆಕ್ಕುತ್ತಿದ್ದರು, ಕತ್ತಲಲ್ಲಿ ಚೆಲ್ಲಿದ ಕಾಳಿನ ಹಾಗೆ.

ಮತ್ತೆ ಎತ್ತಿದರು, ಬಿಟ್ಟರು.
"ಕೇಳ್ತೇನೋ?"
ಬಾಯಿ ತೆರೆದವನು ಮುಚ್ಚಿದೆ.
ಗಂಟು ಗಂಟಾದ ಅವರ ಮಣಿಕಟ್ಟಿನ ಮೂಳೆಗೆ
ನನ್ನ ಉಗುರಿಂದ ಒಂದೇ ಸಲ ತಟ್ಟಿದೆ,
ಅದು ಬಿದ್ದಷ್ಟೇ ಮೆಲ್ಲಗೆ, ಅಷ್ಟೇ ಸ್ವಚ್ಛವಾಗಿ.

ನನ್ನ ಮುಖವನ್ನು ತುಸು ಹೊತ್ತು ನೋಡಿದರು.
ಮಫ್ಲರ್ ಬಿಚ್ಚಿ, ಮತ್ತೆ ಸುತ್ತಿಕೊಂಡರು.
"ಕಡ್ಡಿ ಹಾಕು. ಎಣ್ಣೆ ಮರೀಬೇಡ, ತೆಳುವಿಂದೇ."

ಎರಡನೇ ಸಲಕ್ಕೆ ಹಿಡಿಯಿತು. ಕರಿಹೊಗೆ,
ಗದಗದ ನಡುಕ, ಚೀಲದೊಳಗೆ ಸೇವಂತಿಗೆಯ ಅದುರು.
ಸಾಬರ ಅಂಗೈ ಮಡ್‌ಗಾರ್ಡಿನ ಮೇಲೆ,
ಜ್ವರ ನೋಡುವವರ ಹಾಗೆ.
"ಹೈವೇ ಹತ್ತೋವರೆಗೂ ಅರ್ಧ ಇಡು,
ಆಮೇಲೆ ಪೂರ್ತಿ ಒಳಗೆ!" ಎಂದು ಕೂಗಿದರು,
ಪಕ್ಕದಲ್ಲೇ ನಿಂತಿದ್ದ ಓಬಳೇಶನಿಗೆ,
ಬೇಕಾದ್ದಕ್ಕಿಂತ ಬಹಳ ಜೋರಾಗಿ.